ಕಿವಿ ಹರಿಯದ ಹಾಳೆ

ಮೊನ್ನೆ ಕೊಲ್ಲಾಪುರದ ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ನಿಂತಿದ್ದೆ. ಯಂತ್ರದಿಂದ ಆಗಷ್ಟೇ ಹೊರಬಂದ ಹಾಳೆಗಳನ್ನು ಅಂಗಡಿಯವನು ನನ್ನ ಕೈಗಿಟ್ಟ. ಬಿಸಿ ಹಾಳೆಗೊಂದು ವಾಸನೆಯಿರುತ್ತದೆ, ನೀವೂ ಬಲ್ಲಿರಿ. ಅರ್ಧ ಇಸ್ತ್ರಿ ಅಂಗಡಿಯದು, ಅರ್ಧ ಸುಟ್ಟ ವೈರಿನದು. ಸಂಭಾವಿತರಿಗೆ ಆ ವಾಸನೆಯಿಂದ ಕಾಲೇಜೋ ಪರೀಕ್ಷೆಯೋ ನೆನಪಾಗಬೇಕು. ನನಗೆ ಕುರಿ ನೆನಪಾಯಿತು.

ಕುರಿಯೆಂದರೆ ಮಾಳವ್ವಕ್ಕನ ಕುರಿ. ಮಾಳವ್ವಕ್ಕ ಗಡಹಿಂಗ್ಲಜದ ಆಚೆ, ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ನಮ್ಮೂರಿನವಳು. ನನಗಿಂತ ಹದಿನೈದು ವರ್ಷ ದೊಡ್ಡವಳು. ಓದು ಬರಹ ಇಲ್ಲ, ಸಹಿ ಮಾತ್ರ ಮಾಡುತ್ತಾಳೆ, ಅದೂ ಮನಸ್ಸಿದ್ದರೆ. ನಾನು ಕೊಲ್ಲಾಪುರದ ಒಂದು ಮರಾಠಿ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತವನು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಬೇರೆಯವರು ಬರೆದ ವಾಕ್ಯಗಳನ್ನು ಮೊಟಕು ಮಾಡುವುದು ನನ್ನ ಉದ್ಯೋಗ. ಮದುವೆಯ ಆಮಂತ್ರಣ ಪತ್ರಿಕೆ ಕೈಗೆ ಬಂದರೂ ಎರಡು ಸಾಲು ಹೊಡೆದುಹಾಕದೆ ನೆಮ್ಮದಿಯಿಲ್ಲ.

ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿ ಕಳೆದ ಮೇಲೆ, ನನ್ನ ಮೇಜಿಗೆ ಒಂದು ಪತ್ರಿಕಾ ಪ್ರಕಟಣೆ ಬಂತು. ದನಕರು, ಕುರಿ, ಆಡುಗಳ ಆರೋಗ್ಯ ನೋಡಿಕೊಳ್ಳುವ ಒಂದು ಸರಕಾರಿ ಮಂಡಳದ್ದು. ಮಂಡಳದ ಹೆಸರು ಬೇಡ. ಅದು ಈಗಾಗಲೇ ಎರಡು ಸಲ ಹೆಸರು ಬದಲಿಸಿಕೊಂಡಿದೆ, ತನ್ನ ಹೆಸರು ಅದಕ್ಕೇ ನೆನಪಿದೆಯೋ ಇಲ್ಲವೋ. ಮಂಡಳವನ್ನು ಪುನರ್ರಚಿಸಲಾಗುತ್ತಿದೆ ಎಂದು ಪ್ರಕಟಣೆ ಹೇಳಿತ್ತು. ಪತ್ರಿಕೆಯಲ್ಲಿ ಇಷ್ಟು ವರ್ಷ ಸವೆಸಿದ ನನಗೆ ಈ ಭಾಷೆ ಅರ್ಥವಾಗಬೇಕಿತ್ತು. ಸರಕಾರ 'ಬಲಪಡಿಸುತ್ತೇವೆ' ಎಂದರೆ ಒಂದು ಕೋಣೆಗೆ ಬೀಗ ಬೀಳುತ್ತದೆ. 'ಪುನರ್ರಚನೆ' ಎಂದರೆ ಎಲ್ಲೋ ಒಂದು ಕುರ್ಚಿ ಟೆಂಪೊ ಹತ್ತಲಿದೆ. ಅಂದು ಪುಟ ಬೇಗ ಮುಗಿಸಬೇಕಿತ್ತು. ಪ್ರಕಟಣೆಯನ್ನು ಅರ್ಧಕ್ಕಿಳಿಸಿ, 'ಮಂಡಳದ ಪುನರ್ರಚನೆ: ಗ್ರಾಮೀಣ ಸೇವೆಗೆ ಬಲ' ಎಂದು ತಲೆಬರಹ ಕೊಟ್ಟು ಊಟಕ್ಕೆ ಹೋದೆ.

ಮೂರನೆಯ ದಿನ ಮಾಳವ್ವಕ್ಕ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಮ್ಮ ಕಚೇರಿಗೇ ಬಂದಳು. ಕಾವಲುಗಾರ ತಡೆದನಂತೆ. "ಒಳಗ ನನ್ನ ತಮ್ಮ ಅದಾನ" ಎಂದು ಅವನನ್ನು ದಾಟಿ ಬಂದಿದ್ದಳು.

"ಇದನ್ನ ಬರದಾಂವ ನೀನ ಏನ? ಚಾದಂಗಡಿ ಬಾಬು ಓದಿ ಹೇಳಿದ."

"ಹೌದಕ್ಕಾ."

"ಹಂಗಾರ ಹೇಳು. ನಮ್ಮ ಗಡಹಿಂಗ್ಲಜದ ಡಾಕ್ಟರ್ ಇರ್ತಾನೋ, ಹೊಕ್ಕಾನೋ?"

"ಅದು ಗೊತ್ತಿಲ್ಲ."

"ಗೊತ್ತಿಲ್ದ ಬರದೀ?"

ಪಕ್ಕದ ಮೇಜಿನ ಕ್ರೀಡಾ ವರದಿಗಾರ ಅನಾವಶ್ಯಕವಾಗಿ ಕೆಮ್ಮಿದ. ಅವನಿಗೆ ಕನ್ನಡ ಬರುವುದಿಲ್ಲ. ಆದರೂ ವಿಷಯ ಅವನಿಗೆ ತಲುಪಿತ್ತು.

ಅವಳ ಕಷ್ಟ ಇಷ್ಟು. ಕುರಿಗಳಿಗೆ ಕರುಳುಬೇನೆ ಎಂದೊಂದು ರೋಗವಿದೆ. ಮಳೆ ಬಿದ್ದು ಹಸಿ ಹುಲ್ಲು ಚಿಗುರಿದೊಡನೆ ಬರುತ್ತದೆ, ಬೆಳಿಗ್ಗೆ ಜಿಗಿಯುತ್ತಿದ್ದ ಮರಿ ಸಂಜೆಗೆ ಇರುವುದಿಲ್ಲ. ಮಳೆಗೆ ಮೊದಲೇ ಸೂಜಿ ಹಾಕಿಸಬೇಕು. ಹಿಂದೊಂದು ವರ್ಷ ಗಡಹಿಂಗ್ಲಜದ ದವಾಖಾನೆಯಲ್ಲಿ ಡಾಕ್ಟರಿಲ್ಲದೆ ಸೂಜಿ ತಪ್ಪಿ, ಒಂದೇ ವಾರದಲ್ಲಿ ಅವಳ ಮರಿಗಳೆಲ್ಲ ಹೋಗಿದ್ದವು. ಈಗ ಡಾಕ್ಟರರನ್ನು ಇಚಲಕರಂಜಿಗೆ ಕಳಿಸುತ್ತಾರೆಂಬ ಸುದ್ದಿ ಹರಡಿತ್ತು. ಇಚಲಕರಂಜಿ ಮಗ್ಗಗಳ ಊರು. ಹಗಲಿರುಳು ಖಟಖಟ ಎನ್ನುವ ಆ ಊರಿನಲ್ಲಿ ಕುರಿ ಡಾಕ್ಟರ್ ಯಾವ ಮಗ್ಗಕ್ಕೆ ಸೂಜಿ ಚುಚ್ಚುತ್ತಾರೋ ನನಗೆ ತಿಳಿಯದು. ಗಡಹಿಂಗ್ಲಜದಿಂದ ಅಲ್ಲಿಗೆ ಹಿಂಡು ನಡೆಸಿಕೊಂಡು ಹೋಗಿ ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ.

"ಅಂವ ಹೋದರ ಅರ್ಧ ಹಿಂಡ ಮಾರತೇನಿ," ಎಂದಳು ಮಾಳವ್ವಕ್ಕ. "ಕಣ್ಮುಂದ ಸಾಯೂದು ಇನ್ನೊಮ್ಮೆ ನೋಡಂಗಿಲ್ಲ. ಮಿರಗದ ಮಳಿ ಕೂಡೂದರೊಳಗ ನನಗ ಗೊತ್ತಾಗಬೇಕು."

ನಾನು ಗಂಭೀರವಾಗಿ ಮಾಹಿತಿ ಹಕ್ಕಿನ ಬಗ್ಗೆ ಹೇಳಿದೆ. ಅರ್ಜಿ ಹಾಕಿದರೆ ಸರಕಾರ ಉತ್ತರ ಕೊಡಲೇಬೇಕು ಎಂದೆ. ಹೇಳುತ್ತಾ ಹೇಳುತ್ತಾ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ನಮ್ಮ ರಾಜ್ಯದಲ್ಲಿ ಆ ಅರ್ಜಿ ನೂರೈವತ್ತು ಪದ ಮೀರಬಾರದೆಂಬ ನಿಯಮವಿದೆ. ಉಳಿದವರಿಗೆ ಇದು ತೊಂದರೆ, ನನ್ನಂಥವನಿಗೆ ಹಬ್ಬ. ಒಂದಿಡೀ ಭಾನುವಾರ ಕೂತು, ಒಂದು ಪದ ಹೆಚ್ಚಿಲ್ಲದಂತೆ ಅರ್ಜಿ ಬರೆದೆ. ವರದಿಗಾರಿಕೆಗೆ ಬಂದ ಮೊದಲ ದಿನ ಕಲಿಸಿದ್ದನ್ನೆಲ್ಲ ಅದರಲ್ಲಿ ತುಂಬಿದೆ: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಗಡಹಿಂಗ್ಲಜದ ಹುದ್ದೆಯನ್ನು ಏಕೆ ತೆಗೆಯುತ್ತೀರಿ? ಯಾವಾಗ? ಯಾರು ನಿರ್ಧರಿಸಿದರು? ಹೇಗೆ? ನನ್ನ ಜೀವಮಾನದ ಅತ್ಯುತ್ತಮ ಗದ್ಯ ಅದು ಎಂದು ಆಗ ಅನ್ನಿಸಿತ್ತು.

ಅರ್ಜಿ ಮಂಡಳದ ಕೊಲ್ಲಾಪುರ ಕಚೇರಿಗೆ ಹೋಯಿತು. ಅವರು ಇದು ಇಚಲಕರಂಜಿಯ ವಿಷಯವೆಂದು ಅಲ್ಲಿಗೆ ಕಳಿಸಿದರು. ಇಚಲಕರಂಜಿಯವರು ಹುದ್ದೆ ಇರುವುದು ಗಡಹಿಂಗ್ಲಜದಲ್ಲಲ್ಲವೇ ಎಂದು ಅಲ್ಲಿಗೆ ಕಳಿಸಿದರು. ಗಡಹಿಂಗ್ಲಜದ ದವಾಖಾನೆಯಲ್ಲಿ ಇದ್ದವರು ಡಾಕ್ಟರ್ ಒಬ್ಬರೇ. ತಾನು ಹೋಗುತ್ತೇನೋ ಇಲ್ಲವೋ ಎಂಬುದು ತನಗೂ ತಿಳಿದಿಲ್ಲ, ತಿಳಿದರೆ ದಯಮಾಡಿ ತನಗೂ ಒಂದು ಪ್ರತಿ ಕೊಡಿ ಎಂದು ಷರಾ ಬರೆದು ಅವರು ಕೊಲ್ಲಾಪುರಕ್ಕೇ ಮರಳಿಸಿದರು. ಪ್ರತಿ ಸಲವೂ ಮಂಡಳದವರು ಶಿಸ್ತಿನಿಂದ ನನಗೊಂದು ಪತ್ರ ಹಾಕಿದರು. ಇದನ್ನು ಫೋನಿನಲ್ಲಿ ಹೇಳಿದಾಗ ಮಾಳವ್ವಕ್ಕ ಬಿದ್ದು ಬಿದ್ದು ನಕ್ಕಳು.

"ನನ್ನ ಹಿಂಡಿಗಿಂತ ಭಾಳ ತಿರಗೇತಲ್ಲೋ ನಿನ್ನ ಅರ್ಜಿ! ಅದಕ್ಕೂ ಒಂದ್ ಸೂಜಿ ಹಾಕಸು."

ಕಡೆಗೆ ಉತ್ತರ ಬಂತು. 'ಏಕೆ' ಮತ್ತು 'ಹೇಗೆ' ಎಂಬುವು ಮಾಹಿತಿಯಲ್ಲ. ಕಚೇರಿಯಲ್ಲಿ ಕಾಗದದ ಮೇಲೆ ಇರುವುದಷ್ಟೇ ಮಾಹಿತಿ. 'ಯಾವಾಗ' ಎಂಬುದು ಪರಿಶೀಲನೆಯಲ್ಲಿದೆ. ಉಳಿದದ್ದು ಅನ್ವಯಿಸುವುದಿಲ್ಲ. ಕೆಳಗೆ ಸಹಿ. ನಾಲ್ಕು ಸಾಲಿನ ಆ ಉತ್ತರದಲ್ಲಿ ಹೊಡೆದುಹಾಕಲು ನನಗೆ ಒಂದು ಪದವೂ ಸಿಗಲಿಲ್ಲ. ಸೋತ ನೋವಿಗಿಂತ ವೃತ್ತಿಯ ಅಸೂಯೆಯೇ ಹೆಚ್ಚಾಯಿತು.

ಜಗಳವಾಡಲು ಮಂಡಳದ ಕೊಲ್ಲಾಪುರ ಕಚೇರಿಗೇ ಹೋದೆ. ಅಲ್ಲಿ ಸಿಕ್ಕವರು ಗುಮಾಸ್ತ ಮಗದುಮ್. ಇಚಲಕರಂಜಿ ಕಡೆಯ ಜೈನ ಒಕ್ಕಲು ಮನೆತನದವರು, ಮನೆ ಮಾತು ಕನ್ನಡ, ನಿವೃತ್ತಿಗೆ ಹತ್ತಿರ ಬಂದವರು. ನನ್ನ ಮಾತನ್ನೆಲ್ಲ ಕೇಳಿ, ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಕರೆದುಕೊಂಡು ಹೋದರು.

"ಪತ್ರಕಾರ ಸಾಹೇಬ್ರ, ನೀವು ಭಾಳ ಶ್ಯಾಣ್ಯಾ ಅದೀರಿ. ಅದ ತ್ರಾಸ ಆಗೇತಿ."

"ಅಂದರೆ?"

"ಪ್ರಶ್ನಿ ಕೇಳಾಕತ್ತೀರಿ. ಪ್ರಶ್ನಿ ಕೇಳಿದರ ನಾವು ಉತ್ತರ ಬರೀತೇವ್ರಿ. ಅದ ನಮ್ಮ ಧಂದಾ. ಏನೂ ಕೇಳಬ್ಯಾಡ್ರಿ. 'ಪುನರ್ರಚನಾ ಫೈಲ್ ನೋಡಬೇಕು' ಅಂತ ಒಂದ ಸಾಲ ಬರೀರಿ. ಕಾಯದೆದಾಗ ಐತಿ. ತೋರಸಾಕ ಬೇಕ."

ಒಂದು ಸಾಲು! ನೂರೈವತ್ತು ಪದಗಳ ನನ್ನ ಭಾನುವಾರ ಅಲ್ಲೇ ಸತ್ತಿತು. ಈ ಸಲ ಅರ್ಜಿ ಮಾಳವ್ವಕ್ಕನ ಹೆಸರಿನಲ್ಲೇ ಇರಲಿ ಎಂದೂ ಮಗದುಮ್ ಸೂಚಿಸಿದರು. ಪತ್ರಕರ್ತನ ಹೆಸರು ಕಂಡರೆ ಅವರ ಸಾಹೇಬರಿಗೆ ಬೆವರುತ್ತದಂತೆ. ಬೆವರಿದವರು ರಜೆ ಹಾಕುತ್ತಾರಂತೆ.

ಬಿಸಿಲು ಕಾಯ್ದ ಒಂದು ಬೆಳಿಗ್ಗೆ ಇಬ್ಬರೂ ಫೈಲ್ ನೋಡಲು ಹೋದೆವು. ಮಿರಗಕ್ಕೆ, ಅಂದರೆ ಜೂನ್ ಮೊದಲ ವಾರದ ಮೃಗಶಿರಾ ಮಳೆಗೆ, ಇನ್ನು ಮೂರೇ ವಾರ ಉಳಿದಿತ್ತು. ಮಾಹಿತಿ ಅಧಿಕಾರಿ ಮಾಳವ್ವಕ್ಕನನ್ನು ಮೇಲಿಂದ ಕೆಳಗೆ ನೋಡಿ, ಮಗದುಮ್ ಕಡೆ ತಿರುಗಿ ಮರಾಠಿಯಲ್ಲಿ, ಇವರಿಗೆ ಓದಲು ಬರುತ್ತದೆಯೇ ಎಂದರು.

ಮಗದುಮ್ ನೆಲ ನೋಡುತ್ತಾ ಹೇಳಿದರು: "ಅರ್ಜಿದಾರರಿಗೆ ಓದಲು ಬರಬೇಕೆಂದು ಕಾಯಿದೆಯಲ್ಲಿ ಇಲ್ಲ, ಸಾಹೇಬ್."

ಕಿಟಕಿಯ ಪಕ್ಕದ ಮೇಜಿನ ಮೇಲೆ ಫೈಲ್ ಬಂತು. ನಾನು ಓದಲು ಕೂತೆ. ಎಡಗಡೆ ಅಧಿಕಾರಿಗಳ ಟಿಪ್ಪಣಿಗಳು, ಬಲಗಡೆ ಪತ್ರಗಳು, ಕೊನೆಗೆ ವರ್ಗಾವಣೆಯಾಗಬೇಕಾದ ಹುದ್ದೆಗಳ ಯಾದಿ. ಯಾದಿಯಲ್ಲಿ ಗಡಹಿಂಗ್ಲಜ ಇತ್ತು. ಹುದ್ದೆ ಇಚಲಕರಂಜಿಗೆ. ಎರಡು ಸಲ ಓದಿದೆ. ಸಂದೇಹಕ್ಕೆ ಆಸ್ಪದವಿರಲಿಲ್ಲ.

"ಹೋತಕ್ಕಾ," ಎಂದೆ. "ಬರದುಬಿಟ್ಟಾರ."

ಅವಳು ಕಂಬಳಿಯನ್ನು ಕುರ್ಚಿಗೆ ಹಾಕಿ ಕೂತು, ಫೈಲನ್ನು ತನ್ನ ಕಡೆ ಎಳೆದುಕೊಂಡು ಹಾಳೆಗಳನ್ನು ಒಂದೊಂದಾಗಿ ಮಗುಚತೊಡಗಿದಳು. ಸಂತೆಯಲ್ಲಿ ಕುರಿ ನೋಡುವಂತೆ: ಮೂಲೆ ಹಿಡಿದು, ಅಂಚು ಸವರಿ, ಹಿಂದೆ ಮುಂದೆ ತಿರುಗಿಸಿ. ಸಾಹೇಬರು ಮುಗುಳ್ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಯಾದಿಯ ಹಾಳೆ ಬಂದಾಗ ಅವಳ ಕೈ ನಿಂತಿತು.

"ತಮ್ಮಾ, ಇದು ಈ ಹಿಂಡಿಂದಲ್ಲ."

"ಏನು?"

"ಈ ಹಾಳಿ. ಉಳದಾವೆಲ್ಲಾ ನೋಡು, ದಾರಾ ಪೋಣಿಸಿದಲ್ಲಿ ಕಿವಿ ಹರದಾವ. ಮೂಲಿ ಜಿಡ್ಡ ಹಿಡದಾವ. ಹತ್ತ ಮಂದಿ ಕೈ ಹಾಕ್ಯಾರ. ಇದರ ಕಿವಿ ಹರದಿಲ್ಲ. ಮೈಗೆ ಮಣ್ಣಿಲ್ಲ. ಇದನ್ನ ಮೊನ್ನೆ ಮೊನ್ನೆ ತಂದು ಸೇರಸ್ಯಾರ."

ನೀವು ಕುರುಬರ ನಡುವೆ ಬೆಳೆದಿದ್ದರೆ ಇದರಲ್ಲಿ ಬೆರಗೇನೂ ಇಲ್ಲ. ಅವರು ತಮ್ಮ ಕುರಿಗಳ ಕಿವಿಗೆ ಸೀಳು ಹಾಕಿರುತ್ತಾರೆ. ಎರಡು ಹಿಂಡು ಕೂಡಿಕೊಂಡರೆ ಮುಖ ನೋಡದೆ ಕಿವಿ ಮುಟ್ಟಿಯೇ ಬೇರೆಯವರ ಕುರಿಯನ್ನು ಹೊರಗೆಳೆಯುತ್ತಾರೆ. ನಾನೂ ಅವರ ನಡುವೆಯೇ ಬೆಳೆದವನು. ಆದರೆ ಓದು ಕಲಿತುಬಿಟ್ಟೆನಲ್ಲ, ಹಾಳೆ ಕಂಡರೆ ಅಕ್ಷರವಷ್ಟೇ ಕಾಣುತ್ತದೆ.

ಹಾಗಾದರೆ ಈ ಹಾಳೆಗಿಂತ ಮೊದಲು ಇಲ್ಲಿ ಬೇರೊಂದು ಯಾದಿ ಇದ್ದಿರಬೇಕು. ಎಡಗಡೆಯ ಟಿಪ್ಪಣಿಗಳಿಗೆ ಮರಳಿದೆ. ಯಾದಿಗೆ ಒಪ್ಪಿಗೆ ಕೊಟ್ಟ ಟಿಪ್ಪಣಿ ಅಲ್ಲೇ ಇತ್ತು, ಕಿವಿ ಹರಿದು, ಜಿಡ್ಡು ಹಿಡಿದು. ಅದರಲ್ಲಿ ಮೇಲಧಿಕಾರಿಯ ಕೈಬರಹ: 'ಗಡಹಿಂಗ್ಲಜ ಹೊರತುಪಡಿಸಿ ಒಪ್ಪಿಗೆ.' ನಾನದನ್ನು ಆಗಲೇ ಎರಡು ಸಲ ಓದಿದ್ದೆ. ಅಲ್ಪವಿರಾಮ ಎಲ್ಲಿರಬೇಕಿತ್ತು ಎಂದು ಯೋಚಿಸುತ್ತಾ ಮುಂದೆ ಹೋಗಿದ್ದೆ.

ಎರಡೂ ಹಾಳೆಗಳ ದೃಢೀಕೃತ ಪ್ರತಿ ಕೇಳಿದೆವು. ಸಾಹೇಬರ ನಗು ನಿಂತಿತು. "ಬಸಾ, ಬಸಾ," ಎಂದು ಮಾಳವ್ವಕ್ಕನಿಗೆ ಕುರ್ಚಿ ತೋರಿಸಿದರು, ಅವಳು ಆಗಲೇ ಕೂತಿದ್ದರೂ. ಚಹಾ ತರಿಸಿದರು. ಟೈಪಿಂಗಿನಲ್ಲಿ ಏನೋ ತಪ್ಪಾಗಿರಬೇಕು ಎಂದರು. ಮಗದುಮ್ ತಾವೇ ಯಂತ್ರದ ಮುಂದೆ ನಿಂತು ಪ್ರತಿ ತೆಗೆದು, ಬಿಸಿ ಬಿಸಿ ಹಾಳೆಗಳನ್ನು ತಂದು ಮಾಳವ್ವಕ್ಕನ ಕೈಗೇ ಕೊಟ್ಟರು.

ಯಾದಿ ಬದಲಿಸಿದವರು ಯಾರು? ಇಚಲಕರಂಜಿಯ ಒಬ್ಬ ದೊಡ್ಡ ಮನುಷ್ಯರ ಬಳಿ ಕುದುರೆಯಷ್ಟೆತ್ತರದ ಎರಡು ನಾಯಿಗಳಿವೆಯೆಂದೂ, ಅವುಗಳಿಗೆ ಮನೆಯ ಹತ್ತಿರವೇ ಡಾಕ್ಟರ್ ಬೇಕಿತ್ತೆಂದೂ ಕೇಳಿದ್ದೇನೆ. ಇದಕ್ಕೆ ದಾಖಲೆಯಿಲ್ಲ. ಆದ್ದರಿಂದ ನಾನಿದನ್ನು ನಿಮಗೆ ಹೇಳಿಲ್ಲವೆಂದೇ ತಿಳಿಯಿರಿ.

ಸುದ್ದಿ ಬರೆದು ಸಂಪಾದಕರ ಮುಂದಿಟ್ಟೆ. ಅವರು ನನ್ನನ್ನೂ ಮೀರಿಸಿದ ಶಿಸ್ತಿನವರು. ಮಂಡಳದ ಪ್ರತಿಕ್ರಿಯೆ ಎಲ್ಲಿ ಎಂದರು. ಕೇಳಿದೆ. ಆದೇಶವೇ ಹೊರಟಿಲ್ಲ, ಹೊರಡದ ಆದೇಶದಲ್ಲಿ ತಪ್ಪು ಹೇಗಿರುತ್ತದೆ ಎಂದರು ಮಂಡಳದವರು. ನನ್ನ ಸುದ್ದಿ ಅಲ್ಲಿಗೆ ಮುಗಿಯಿತು. ಆ ಯಾದಿಯೂ ಎಲ್ಲಿಗೋ ಹೋಯಿತು. ಡಾಕ್ಟರ್ ಮಾತ್ರ ಎಲ್ಲಿಗೂ ಹೋಗಲಿಲ್ಲ. ಮಿರಗಕ್ಕೆ ನಾಲ್ಕು ದಿನ ಮೊದಲು ಇಡೀ ಹಿಂಡಿಗೆ ಸೂಜಿ ಬಿತ್ತು. ಮಾಳವ್ವಕ್ಕ ಒಂದು ಕುರಿಯನ್ನೂ ಮಾರಲಿಲ್ಲ. ಡಾಕ್ಟರ್ ಉಳಿದರೆಂದು ಹೇಳುವ ಒಂದು ಚೀಟಿಯಾದರೂ ಬೇಕೆಂದು ನಾನು ಮತ್ತೊಂದು ವರ್ಷ ಮೇಲ್ಮನವಿ ಹಾಕುತ್ತಾ ಕಳೆದೆ.

"ಡಾಕ್ಟರ ಕಣ್ಣಿಗೆ ಕಾಣ್ತಾನಲ್ಲೋ," ಎನ್ನುತ್ತಿದ್ದಳು ಅವಳು. "ಚೀಟಿ ತಗೊಂಡ ಏನ ಮಾಡ್ತೀ?"

ಇದೆಲ್ಲ ನೆನಪಾಗಿ, ಝೆರಾಕ್ಸ್ ಅಂಗಡಿಯಿಂದ ಹೊರಬಂದವನು ಅವಳಿಗೆ ಫೋನ್ ಮಾಡಿದೆ. ಮಂಡಳ ಮತ್ತೆ ಪುನರ್ರಚನೆಯಾಗುತ್ತಿದೆ ಎಂಬ ಹೊಸ ಪ್ರಕಟಣೆ ಹಿಂದಿನ ತಿಂಗಳು ನನ್ನ ಮೇಜಿಗೆ ಬಂದು ಅಚ್ಚಾಗಿತ್ತು. ಹೇಳಿದರೆ ಗಾಬರಿಯಾದಾಳೆಂದು ಸುತ್ತಿ ಬಳಸಿ ಆರಂಭಿಸಿದೆ. ಅವಳು ತಡೆದಳು.

"ಗೊತ್ತೈತಿ ಬಿಡೋ. ಬಾಬು ಓದಿ ಹೇಳ್ಯಾನ. ಈ ಸಲ ತಲೆಬರಹ ಚಲೋ ಕೊಟ್ಟೀ ಅಂತ."

"ಮತ್ತ ಅರ್ಜಿ ಬರಿಯೋಣೇನಕ್ಕಾ?"

"ನಾ ಆಗಲೇ ಹಾಕೇನಿ. ಒಂದ ಸಾಲ. ಬುಧವಾರ ಫೈಲ್ ನೋಡಾಕ ಕರದಾರ. ಮಗದುಮ್ ಅವರು ರಿಟಾಯರ್ ಆಗ್ಯಾರ. ಹೊಸಾಂವ ಕರದಾನ, ಅಂವ ಹೆಂಗೋ ಏನೋ. ನೀ ಬಾ."

"ನಾ ಬಂದು ಏನ ಮಾಡ್ಲಿ?"

"ಓದಾಕ ಬಾ. ನೋಡಾಕ ನಾ ಇದ್ದೇನಿ."

ಬುಧವಾರಕ್ಕೆ ರಜೆ ಹಾಕಿದ್ದೇನೆ. ನಮ್ಮ ಕಚೇರಿಯ ರಜೆ ಅರ್ಜಿಯಲ್ಲಿ ಕಾರಣ ಬರೆಯಲು ಒಂದೇ ಸಾಲಿನ ಜಾಗವಿದೆ. 'ಮಾಳವ್ವಕ್ಕನ ಕೈಕೆಳಗೆ ಕೆಲಸವಿದೆ' ಎಂದು ಬರೆದು ಸಹಿ ಮಾಡಿದೆ.