ರಮಾದೇವಿಯಮ್ಮನ ಪಂಕ್ತಿ

ಬರ್ಮಾ ಅಕ್ಕಿ ನಿಂತುಹೋದ ಈ ಯುದ್ಧಕಾಲದಲ್ಲಿ ಅತ್ತಾವರದ ಮದುವೆಮನೆಗಳಿಗೆ ಬೀಗರಿಗಿಂತ ಪುರೋಹಿತರ ಹೆಂಡತಿ ರಮಾದೇವಿಯಮ್ಮನ ಹೆದರಿಕೆಯೇ ಹೆಚ್ಚು. ಕೊನೆಯ ಪಂಕ್ತಿ ಎದ್ದದ್ದೇ ತಡ, ಅಡುಗೆಯ ಚಪ್ಪರಕ್ಕೆ ನುಗ್ಗಿ ಉಳಿದ ಅನ್ನದ ಮುಚ್ಚಳ ತೆಗೆಯುತ್ತಾರೆ. “ಅದನ್ನು ನಾಳೆ ಬಡವರಿಗೆ ಕೊಡುವ” ಎಂದು ಮದುವೆಮನೆಯ ಯಜಮಾನರು ಗೊಣಗಿದರೆ, “ನಾಳೆ ಎಂತಕ್ಕೆ, ಹಳಸಲಿಕ್ಕಾ? ಹಾಗಾದರೆ ಮೊದಲ ತುತ್ತು ನೀವು ಉಣ್ಣಬೇಕು” ಎಂದು ಸೌಟು ಚಾಚುತ್ತಾರೆ. ಎಂಜಲೆಲೆಯ ಗುಂಡಿಯ ಹತ್ತಿರ ಹಸಿದು ಕಾದ, ಮುಟ್ಟಬಾರದವರೆನ್ನಿಸಿಕೊಂಡ ಜನರನ್ನು ಅಂಗಳಕ್ಕೆ ಕರೆದು, ಹೊಸ ಎಲೆ ಹಾಕಿ, ಪಾಯಸದವರೆಗೂ ಒತ್ತಾಯ ಮಾಡಿ ಬಡಿಸುತ್ತಾರೆ. ಅವರಲ್ಲೊಬ್ಬ ಚನಿಯ ಉಂಡು, ರೂಢಿಯಂತೆ ತನ್ನ ಎಲೆ ಎತ್ತಲು ಹೋದರೆ, “ಕೂತ್ಕೊ ಮಾರಾಯ, ಕರೆದು ಬಡಿಸಿದವರು ಎಲೆ ಎತ್ತಿಸ್ತಾರಾ?” ಎಂದು ಗದರುತ್ತಾರೆ. ಆಮೇಲೆ, ಮದುವೆಮನೆಯ ಗಂಡಸರೆಲ್ಲ ಮುಖ ತಿರುಗಿಸುತ್ತಿದ್ದಂತೆ, ಸೆರಗು ಸಿಕ್ಕಿಸಿ, ಆ ಎಲೆಗಳನ್ನು ತಾವೇ ಬಾಗಿ ಎತ್ತುತ್ತಾರೆ.