ತಾಯಮ್ಮನ ಹೆಸರಿಗೆ ನನ್ನ ರಕ್ತ

ಗುಬ್ಬಿಗೆ ಹೋಗುವ ಬಸ್ಸಿಗಾಗಿ ಹಳ್ಳಿಯೊಂದರ ಅರಳಿಕಟ್ಟೆಯಲ್ಲಿ ಕುಳಿತಿದ್ದೆ. ಮಲೇರಿಯಾ ತಪಾಸಣೆಯ ನೌಕರನೊಬ್ಬ ಬಂದು, "ಬೆರಳು ಕೊಡಿ ಯಜಮಾನ್ರೇ, ಒಂದ್ ತೊಟ್ಟು ರಕ್ತ ಸಾಕು" ಎಂದ. ಜ್ವರವಿಲ್ಲದ ನನ್ನ ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಂಡವನು ಹೆಸರನ್ನು ಮಾತ್ರ ಕೇಳಲಿಲ್ಲ. ಸಂಶಯ ಬಂದು ಅವನ ಪುಸ್ತಕದೊಳಗೆ ಇಣುಕಿದೆ. 'ತಾಯಮ್ಮ, ಕಾಲೊನಿ' ಎಂದು ಬರೆದುಕೊಂಡಿದ್ದ.

"ಕಾಲೊನಿಗೆ ಹೋಗಲ್ವೇನಯ್ಯಾ?"

"ಅಲ್ಲೀಗಂಟ ಯಾರ್ ನಡೀತಾರೆ ಬುಡಿ. ರಕ್ತ ಎಲ್ಲಾರ್ದೂ ಒಂದೇ ಅಲ್ವಾ?"

ಪುಸ್ತಕವನ್ನು ಕಿತ್ತುಕೊಂಡು, ಅವನನ್ನು ಮುಂದೆ ಮಾಡಿಕೊಂಡು ಕಾಲೊನಿಗೆ ನಡೆದೆ. ತಾಯಮ್ಮ ಕಂಬಳಿ ಹೊದ್ದು ನಡುಗುತ್ತಿದ್ದಳು.

"ಮಾತ್ರೆ ತಂದ್ರಾ ಸೋಮಿ? ಮೂರ್ ದಿನದಿಂದ ಜ್ವರ ಬುಟ್ಟಿಲ್ಲ."

"ನಿನ್ ರಕ್ತ ತಗೊಂಡಾಗೈತೆ ಕಣಮ್ಮ. ರಿಪೋರ್ಟ್ ಬರ್ಲಿ" ಎಂದ, ನನ್ನ ಎದುರಿಗೇ.

ಆಕೆ ತನ್ನ ಹತ್ತು ಬೆರಳುಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿಕೊಂಡಳು.