ಒಗೆಯದ ಕೌದಿ

ಅಪ್ಪನಿಗೆ ಕೊಟ್ಟೂರಿನಿಂದ ಹೂವಿನಹಡಗಲಿಗೆ ವರ್ಗವಾದಾಗ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಅವ್ವನದು ಒಗೆಯುವ ಪಕ್ಷ, ಅಜ್ಜಿಯದು ಒಗೆಯಬಾರದ ಪಕ್ಷ. ಹಳೇ ಮನೆಯ ಕೊಳೆಯನ್ನು ಹೊಸ ಮನೆಗೆ ಹೊತ್ತೊಯ್ಯಬಾರದೆಂದು ಅವ್ವನ ಹಟ. ಹಳೇ ಸೀರೆಗಳಿಂದ ಹೊಲಿದ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು, ಸೋಡಾ ಹಾಕಿ ಬಡಿದು ತಂದಳು. ಅಜ್ಜಿ ಮಾತ್ರ ತನ್ನ ಕೌದಿಯ ಮೇಲೆ ಗಟ್ಟಿಯಾಗಿ ಕೂತು, "ಇದನ್ನ ಮುಟ್ಟಿದ್ರ ನಾನು ಲಾರಿ ಹತ್ತಂಗಿಲ್ಲ ನೋಡವಾ" ಎಂದಳು. ಅದೊಂದು ಉಳಿಯಿತು.

ನನ್ನ ಚಿಂತೆಯೇ ಬೇರೆ. ನಮ್ಮ ಬೂದು ಬೆಕ್ಕು ಹೊಸ ಊರಲ್ಲಿ ನಿಲ್ಲುತ್ತದೋ ಇಲ್ಲವೋ! "ನಾಯಿ ಮಂದಿ ನೋಡ್ತೈತಿ, ಬೆಕ್ಕು ಮನಿ ನೋಡ್ತೈತಿ" ಎಂದು ಓಣಿಯವರೆಲ್ಲ ಹೆದರಿಸಿದ್ದರು. ಅದಕ್ಕೆ ದಾರಿ ಮರೆಯಲೆಂದು ಅಜ್ಜಿ ಅದನ್ನು ಚೀಲದಲ್ಲಿ ಕಟ್ಟಿ, ಚೀಲ ಹಿಡಿದು ಅಂಗಳದಲ್ಲಿ ಗಿರಗಿರ ಸುತ್ತಿದಳು. ಬೆಕ್ಕಿಗಿಂತ ಮೊದಲು ಅವಳಿಗೇ ತಲೆ ತಿರುಗಿ ಕಟ್ಟೆಯ ಮೇಲೆ ಕುಸಿದಳು.

ಹಡಗಲಿಯದು ಮಾಳಿಗೆ ಮನೆ, ಮೇಲೆ ಮಣ್ಣು ಮುಚ್ಚಿದ ಸಪಾಟು ಚಾವಣಿ. ಅಡುಗೆಮನೆಗೆ ಬೆಳಕು ಬರಬೇಕಾದರೂ ಒಲೆಯ ಹೊಗೆ ಹೋಗಬೇಕಾದರೂ ಮಾಳಿಗೆಯ ಬೆಳಕಿಂಡಿಯೊಂದೇ ದಾರಿ. ಬೆಕ್ಕೂ ಅಲ್ಲಿಂದಲೇ ಹೋಗಿಬಿಟ್ಟರೆ? ನಾನು ರಂಪ ಮಾಡಿದ್ದಕ್ಕೆ ಅಪ್ಪ ಬೆಳಕಿಂಡಿಯ ಮೇಲೆ ಚಪ್ಪಡಿ ಎಳೆದ. ಬೆಕ್ಕು ಚೀಲದಿಂದ ಹೊರಬಂದದ್ದೇ ಅಡುಗೆಮನೆಯ ಜೋಳದ ಮೂಟೆಗಳ ಸಂದಿ ಸೇರಿತು. ಹಾಲಿಟ್ಟರೂ ಬರಲಿಲ್ಲ. ಅದು ದಿನಾ ಮಲಗುತ್ತಿದ್ದ ನನ್ನ ಕೌದಿಯನ್ನೇ ಹಾಸಿದೆ. ಬಂದು ಮೂಸಿ, ಸೋಡಾ ವಾಸನೆಗೆ ಸೀನಿ, ಮತ್ತೆ ಸಂದಿಗೆ ಹೋಯಿತು. ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡಿದವಳು ನಾನು.

ಎರಡು ದಿನ ಆ ಕತ್ತಲಲ್ಲೇ ರೊಟ್ಟಿ ಬಡಿದು ಅವ್ವನ ಕಣ್ಣು ಕೆಂಪಾಗಿದ್ದವು. ಹೊಗೆಗೆ ಎಂದುಕೊಂಡೆವು. "ಬೆಕ್ಕು ಇದ್ರ ಇರ್ಲಿ, ಹೋದ್ರ ಹೋಗ್ಲಿ. ನಾಳಿ ಆ ಚಪ್ಪಡಿ ತೆಗೀರಿ" ಎಂದು ಅಪ್ಪನಿಗೆ ಕಟ್ಟುನಿಟ್ಟಾಗಿ ಹೇಳಿದಳು.

ತನ್ನದು ಸಾಮಾನಿನಡಿ ಎಲ್ಲೋ ಇದ್ದೀತೆಂದು ಎರಡು ರಾತ್ರಿ ಒಗೆದ ಕೌದಿಯಲ್ಲಿ ನಿದ್ದೆ ಬಾರದೆ ಹೊರಳಾಡಿದ್ದ ಅಜ್ಜಿ ಬೆಳಿಗ್ಗೆ ಎದ್ದವಳೇ ತನ್ನ ಕೌದಿ ಹುಡುಕಿದಳು. ಲಾರಿಯಿಂದ ಇಳಿಸಿದ ಕೂಡಲೇ ಅವ್ವ ಅದನ್ನು ಒಗೆಯಲೆಂದು ಗಂಟು ಕಟ್ಟಿ ಹಿತ್ತಲಲ್ಲಿ ಇಟ್ಟಿದ್ದಳು. ಅಜ್ಜಿ ಗೊಣಗುತ್ತ ಗಂಟು ತಂದು ಅಡುಗೆಮನೆಯಲ್ಲೇ ಬಿಚ್ಚಿ ಹಾಸಿದಳು. ಎಲೆಅಡಿಕೆ, ಹರಳೆಣ್ಣೆ, ಕೊಟ್ಟೂರಿನ ಒಲೆಯ ಹೊಗೆ ಎಲ್ಲ ಒಟ್ಟಿಗೇ ಮೂಗಿಗೆ ಬಡಿದವು. ಸ್ವಲ್ಪ ಹೊತ್ತಿಗೆ ಮೂಟೆಗಳ ಸಂದಿಯಿಂದ ಮೊದಲು ಮೀಸೆ ಬಂತು, ಆಮೇಲೆ ಬೆಕ್ಕು. ಮುಂಗಾಲುಗಳಿಂದ ಕೌದಿಯನ್ನು ನಾದಿ ನಾದಿ, ನಡುವೆ ಮುದುಡಿ ಮಲಗಿತು.

"ನೋಡು, ಬೆಕ್ಕಿಗಿರೋ ಬುದ್ಧಿ ನನ್ನ ಸೊಸಿಗಿಲ್ಲ" ಎಂದಳು ಅಜ್ಜಿ. ಅವ್ವ ಒಲೆಗೆ ಕಟ್ಟಿಗೆ ತುರುಕಿದಳು.

ಅಪ್ಪ ಮಾಳಿಗೆ ಹತ್ತಿ ಚಪ್ಪಡಿ ಸರಿಸಿದ. ಬಿಸಿಲು ನೇರ ಕೌದಿಯ ಮೇಲೆ ಬಿತ್ತು. ಬೆಕ್ಕು ತಲೆಯೆತ್ತಿ ಬೆಳಕಿಂಡಿಯನ್ನು ನೋಡಿತು. ಅದು ಆಕಳಿಸಿ, ಬಿಸಿಲಿಗೆ ಹೊಟ್ಟೆಯೊಡ್ಡಿ ಹೊರಳಿತು. ಅವತ್ತು ನನಗಾದ ಖುಷಿ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ.

ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅವ್ವ ಅದೇ ಕೌದಿಯ ಅಂಚಿಗೆ ಕೆನ್ನೆಯಿಟ್ಟು, ಬೆಕ್ಕಿನ ಪಕ್ಕ ಗಾಢ ನಿದ್ದೆಯಲ್ಲಿದ್ದಳು. ಅವಳ ಕಣ್ಣು ಕೆಂಪಾದದ್ದು ಬರೀ ಹೊಗೆಗಲ್ಲ ಎಂದು ಆಗ ಹೊಳೆಯಿತು. ಹಿಂದಿನಿಂದ ಬಂದ ಅಜ್ಜಿ ನನ್ನ ರಟ್ಟೆ ಹಿಡಿದು ಹೊರಗೆಳೆದಳು.

"ಸದ್ದು ಮಾಡಬ್ಯಾಡ, ಬಾ. ಈಗ ಇಬ್ರೂ ಮನಿಗೆ ಬಂದಾರ."